ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಸೋರುತ್ತಿದೆಯಾ? ಮೊದಲು ಜಾಗ ಹುಡುಕಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಬೆಳಿಗ್ಗೆ ಕಾರು ಹಿಂದಕ್ಕೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕೆಂಪು ಕಲೆ. ನನ್ನ ಹಳೆಯ ಕಾರಿನಲ್ಲಿ ಮೊದಲ ಸಲ ಅದನ್ನು ನೋಡಿದಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಕೆಳಗೆ ತೂರಿ ನೋಡಿದೆ. ಗೇರ್‌ಬಾಕ್ಸಿನ ತಳದ ಪ್ಯಾನ್, ಅಂದರೆ ಆಯಿಲ್ ನಿಲ್ಲುವ ತಟ್ಟೆ, ಒದ್ದೆಯಾಗಿತ್ತು. ಅದರ ಅಂಚಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ. ಎರಡು ದಿನ ಬಿಟ್ಟು ಅದೇ ಕಲೆ. ಸರಿಯಾಗಿ ಕೂತಿಲ್ಲವೇನೋ ಅಂತ ಇನ್ನೊಂದು ಗ್ಯಾಸ್ಕೆಟ್ ತಂದು ಮತ್ತೆ ಹಾಕಿದೆ. ಮತ್ತೆ ಅದೇ ಕಲೆ. ಕೊನೆಗೆ ಗೊತ್ತಾಗಿದ್ದು ಇಷ್ಟು: ಸೋರುತ್ತಿದ್ದದ್ದು ಪ್ಯಾನಿನಿಂದಲ್ಲ, ಅದಕ್ಕಿಂತ ಒಂದು ಗೇಣು ಮೇಲಿದ್ದ ಗೇರ್ ಲಿವರ್ ಶಾಫ್ಟಿನ ಸೀಲಿನಿಂದ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಪುಟ್ಟ ರಬ್ಬರ್ ಬಳೆ ಅದು. ಆಯಿಲ್ ಅಲ್ಲಿಂದ ಸದ್ದಿಲ್ಲದೆ ಇಳಿದು, ಪ್ಯಾನಿನ ಅಂಚು ಹಿಡಿದು ಓಡಿ, ಎಲ್ಲಕ್ಕಿಂತ ತಗ್ಗಿನಲ್ಲಿದ್ದ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಅದಕ್ಕೇ ಇಲ್ಲಿ ಬಿಚ್ಚಿ ಜೋಡಿಸುವುದಕ್ಕಿಂತ ಹುಡುಕುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಸೋರುವ ಜಾಗ ಖಚಿತವಾದರೆ ಮಿಕ್ಕಿದ್ದು ಬಹುಮಟ್ಟಿಗೆ ಸ್ಪ್ಯಾನರ್ ತಿರುಗಿಸುವ ಕೆಲಸ. ಜಾಗ ತಪ್ಪಿದರೆ ಗ್ಯಾಸ್ಕೆಟ್ಟೂ ದಂಡ, ರಜೆಯ ದಿನವೂ ದಂಡ.

ಶುರುವಿಗೆ ಒಂದು ಮಾತು. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ, ಇರುವ ಆಟೋಮ್ಯಾಟಿಕ್ ಬಗ್ಗೆ. ಕ್ಲಚ್ ಪೆಡಲ್ ಇಲ್ಲ ಅಂದಮಾತ್ರಕ್ಕೆ ಎಲ್ಲ ಕಾರೂ ಒಳಗೆ ಒಂದೇ ಥರ ಇರುವುದಿಲ್ಲ. ಎಎಂಟಿ ಅನ್ನುವುದು ಒಳಗೆ ಮ್ಯಾನ್ಯುವಲ್ ಗೇರ್‌ಬಾಕ್ಸೇ. ನಮ್ಮ ಕಾಲು, ಕೈ ಮಾಡುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಅದರೊಳಗಿರುವುದು ಮಾಮೂಲಿ ಗೇರ್ ಆಯಿಲ್. ಗೇರುಗಳ ಬದಲು ಬೆಲ್ಟ್, ಪುಲ್ಲಿಗಳ ಮೇಲೆ ನಡೆಯುವ ಸಿವಿಟಿಗೆ ಬೇರೆಯದೇ ಆಯಿಲ್. ಸೋರಿಕೆ ಹುಡುಕುವ ದಾರಿ ಮಾತ್ರ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ.

ಸದ್ಯಕ್ಕೆ ಕಾರು ಓಡಿಸಬಹುದಾ?

ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಇದೇ ಆಯಿಲ್ಲಿನ ಒತ್ತಡ. ಮಟ್ಟ ಇಳಿದರೆ ಪಂಪು ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟುಗಳು ಜಾರುತ್ತವೆ, ಜಾರಿದ ಪ್ಲೇಟುಗಳು ಸುಡುತ್ತವೆ. ಸುಟ್ಟ ಮೇಲೆ ಎಷ್ಟು ಆಯಿಲ್ ತುಂಬಿದರೂ ಅವು ಮೊದಲಿನಂತೆ ಆಗುವುದಿಲ್ಲ. ಹಾಗಾಗಿ ಈ ಲಕ್ಷಣ ಕಂಡರೆ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ: ಲಿವರನ್ನು ಡಿ ಅಥವಾ ಆರ್‌ಗೆ ಹಾಕಿ ಒಂದೆರಡು ಸೆಕೆಂಡ್ ಆದ ಮೇಲೆ ಕಾರು ಹಿಡಿಯುವುದು, ಏರಿನಲ್ಲೋ ತಿರುವಿನಲ್ಲೋ ಎಂಜಿನ್ ಕೂಗಿದರೂ ಕಾರಿಗೆ ವೇಗ ಬರದಿರುವುದು, ಕೆಳಗಿನಿಂದ ಗುಂಯ್ ಅನ್ನುವ ಸದ್ದು. ಇವು ಇಲ್ಲದೆ ಬರೀ ಕಲೆ ಇದ್ದರೆ ನಿಮ್ಮ ಕೈಯಲ್ಲಿ ಸ್ವಲ್ಪ ಸಮಯ ಇದೆ.

ಎಷ್ಟು ಸಮಯ? ಸುಮಾರು 20 ಹನಿಗೆ 1 ಮಿಲಿಲೀಟರ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 1 ಹನಿ ಅಂದರೆ ದಿನಕ್ಕೆ 1,440 ಹನಿ, ಅಂದರೆ 72 ಮಿಲಿಲೀಟರ್. ವಾರಕ್ಕೆ ಅರ್ಧ ಲೀಟರ್. ನೋಡಲು ಏನೂ ಅಲ್ಲ ಅನ್ನಿಸುವ ಹನಿ, ಆದರೆ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ಆಯಿಲ್ ಮಟ್ಟ ಅಳೆಯುವ ಕಡ್ಡಿಯ, ಅಂದರೆ ಡಿಪ್‌ಸ್ಟಿಕ್ಕಿನ, ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು ಅಷ್ಟು ಸಾಕು. ಇನ್ನು ಹನಿಯೇ ಬೀಳದೆ, ಬರೀ ಪಸೆ ಕಟ್ಟಿ ಅದರ ಮೇಲೆ ಧೂಳು ಕೂತಿದ್ದರೆ ಅದು ಒಸರುವುದಷ್ಟೇ, ಸೋರುವುದಲ್ಲ. ಅದನ್ನು ಒರೆಸಿ, ತಿಂಗಳಿಗೊಮ್ಮೆ ನೋಡುತ್ತಿದ್ದರೆ ಸಾಕು. ಹತ್ತು ವರ್ಷದ ಕಾರಿನಲ್ಲಿ ಒಂಚೂರು ಪಸೆ ಇಲ್ಲದಿದ್ದರೆ ಅದೇ ಆಶ್ಚರ್ಯ.

ಬಿದ್ದಿರುವುದು ಯಾವ ಆಯಿಲ್?

ಕಾರಿನಡಿ ರಾತ್ರಿ ಒಂದು ದೊಡ್ಡ ರಟ್ಟು ಹಾಸಿ. ರಟ್ಟಿನ ಮೇಲೆ ಮುಂದಿನ ಚಕ್ರಗಳ ಜಾಗ ಗುರುತು ಮಾಡಿಡಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ಅಂತ ಅಳೆಯಲು ಅದು ಬೇಕಾಗುತ್ತದೆ. ಹನಿಯನ್ನು ಬಿಳಿ ಟಿಶ್ಯೂ ಕಾಗದದಿಂದ ಒತ್ತಿ, ಬೆಳಕಿನಲ್ಲಿ ಹಿಡಿದು ನೋಡಿ.

ಆಟೋಮ್ಯಾಟಿಕ್ ಆಯಿಲ್‌ಗೆ, ಅಂದರೆ ಎಟಿಎಫ್‌ಗೆ, ಬೇರೆ ಆಯಿಲ್‌ಗಳಿಂದ ಬೇರೆಯಾಗಿ ಕಾಣಲಿ ಅಂತಲೇ ಕೆಂಪು ಬಣ್ಣ ಬೆರೆಸಿರುತ್ತಾರೆ. ಹೊಸದಾಗಿದ್ದಾಗ ತಿಳಿಗೆಂಪು. ಓಡಿದ ಹಾಗೆ ಕಂದುಗೆಂಪು ಆಗುತ್ತದೆ, ಇನ್ನೂ ಹಳೆಯದಾದರೆ ಎಂಜಿನ್ ಆಯಿಲ್ಲೋ ಇದೋ ಅಂತ ಬಣ್ಣ ನೋಡಿ ಹೇಳುವುದೇ ಕಷ್ಟ. ಕೆಲವು ಕಂಪನಿಗಳ ಎಟಿಎಫ್ ಶುರುವಿನಿಂದಲೇ ಕೆಂಪಲ್ಲ, ಸಿವಿಟಿ ಆಯಿಲ್‌ಗಳಲ್ಲಂತೂ ಹಸಿರು, ಹಳದಿ ಎಲ್ಲ ಇವೆ. ಹಾಗಾಗಿ ಬಣ್ಣವೊಂದನ್ನೇ ನಂಬಬೇಡಿ. ನಿಮ್ಮದೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ಎಳೆದು ಅದರ ಒಂದು ಹನಿ, ಎಂಜಿನ್ ಡಿಪ್‌ಸ್ಟಿಕ್ಕಿನ ಒಂದು ಹನಿ, ನೆಲದ ಹನಿ, ಮೂರನ್ನೂ ಒಂದೇ ಟಿಶ್ಯೂ ಮೇಲೆ ಪಕ್ಕಪಕ್ಕ ಇಡಿ. ಯಾವುದು ಯಾವುದರ ಜೊತೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಗುಲಾಬಿ ಕೂಲಂಟ್ ಎಷ್ಟೋ ಜನರನ್ನು ಏಮಾರಿಸಿದೆ. ಅನುಮಾನ ಇದ್ದರೆ ಒಂದು ಹನಿಯನ್ನು ನೀರಿನ ಲೋಟಕ್ಕೆ ಬಿಡಿ. ಆಯಿಲ್ ತೇಲುತ್ತದೆ, ಕೂಲಂಟ್ ಕರಗಿಹೋಗುತ್ತದೆ. ಇನ್ನೊಂದು ಮೋಸ ಪವರ್ ಸ್ಟೀರಿಂಗ್‌ನದು. ಹೈಡ್ರಾಲಿಕ್ ಸ್ಟೀರಿಂಗ್ ಇರುವ ಅನೇಕ ಕಾರುಗಳಲ್ಲಿ ಅದಕ್ಕೂ ಎಟಿಎಫ್ ಅನ್ನೇ ಹಾಕುತ್ತಾರೆ. ಕೆಂಪು ಹನಿ ಎಂಜಿನ್ನಿನ ಮುಂಭಾಗದಲ್ಲಿ ಬಿದ್ದಿದ್ದರೆ ಗೇರ್‌ಬಾಕ್ಸನ್ನು ಬೈಯುವ ಮೊದಲು ಸ್ಟೀರಿಂಗ್ ಆಯಿಲ್ ಡಬ್ಬಿಯ ಮಟ್ಟ ನೋಡಿ.

ಗೇರ್‌ಬಾಕ್ಸ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆಸಿದಂತೆ ಗುಲಾಬಿ ನೊರೆ ಕಂಡರೆ ವಿಷಯ ಬೇರೆ. ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ಒಡೆದು ಕೂಲಂಟ್ ಗೇರ್‌ಬಾಕ್ಸಿಗೆ ಸೇರಿದೆ ಅಂತ ಅರ್ಥ. ನೀರು ಕ್ಲಚ್ ಪ್ಲೇಟಿನ ಮೇಲಿನ ಪದರದ ಅಂಟನ್ನೇ ಬಿಡಿಸಿಬಿಡುತ್ತದೆ. ಎಂಜಿನ್ ಸ್ಟಾರ್ಟ್ ಕೂಡ ಮಾಡದೆ ಟೋ ಮಾಡಿಸಿ. ಅದು ಮನೆಯಲ್ಲಿ ಮುಗಿಯುವ ಕೆಲಸ ಅಲ್ಲ.

ಕೆಳಗೆ ಹೋಗುವ ಮುಂಚೆ

ಗಟ್ಟಿಯಾದ, ಸಮತಟ್ಟಾದ ನೆಲ. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡಗಟ್ಟೆ ಇಟ್ಟು, ಜಾಕ್‌ನಿಂದ ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ತಲೆ ಹಾಕುವುದು ಅಂದರೆ ಪ್ರಾಣ ಪಣಕ್ಕಿಟ್ಟ ಹಾಗೆ, ಇದರಲ್ಲಿ ತಮಾಷೆ ಇಲ್ಲ. ಇಟ್ಟಿಗೆ, ಕಲ್ಲು ಪೇರಿಸುವುದೂ ಬೇಡ, ಭಾರಕ್ಕೆ ಅವು ಒಮ್ಮೆಗೇ ಪುಡಿಯಾಗುತ್ತವೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಓಡಿ ಬಂದ ಕಾರಿನ ಎಟಿಎಫ್ 80–90 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ಪಕ್ಕದ ಸೈಲೆನ್ಸರ್ ಪೈಪ್ ಅದಕ್ಕಿಂತ ಎಷ್ಟೋ ಜಾಸ್ತಿ. ಆರಲು ಬಿಡಿ. ಬ್ರೇಕ್ ಕ್ಲೀನರನ್ನು ಬಿಸಿ ಪೈಪಿನ ಹತ್ತಿರ ಸಿಂಪಡಿಸಲೇಬೇಡಿ. ಒಂದು ಜಾತಿಯದು ಹೊತ್ತಿಕೊಳ್ಳುತ್ತದೆ, ಕ್ಲೋರಿನ್ ಇರುವ ಇನ್ನೊಂದು ಜಾತಿಯದು ಬಿಸಿಗೆ ವಿಷದ ಗಾಳಿಯಾಗುತ್ತದೆ.

ತೊಳೆಯಿರಿ, ಒಣಗಿಸಿ, ಕಾಯಿರಿ

ಆಯಿಲ್ ಸೋರಿದ ಜಾಗಕ್ಕೂ ಹನಿ ಬೀಳುವ ಜಾಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನಿಂತಾಗ ಅದು ಕೆಳಕ್ಕೆ ಹರಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದನ್ನೇ ಹುಡುಕಬೇಕು. ಹಳೆಯ ಜಿಡ್ಡು ಇರುವವರೆಗೂ ಅದು ಕಾಣುವುದಿಲ್ಲ. ನಾನು ಮೊದಲೆರಡು ಸಲ ತಪ್ಪಿದ್ದು ಇಲ್ಲೇ. ಜಿಡ್ಡಿನ ನಡುವೆಯೇ ನೋಡಿ ತೀರ್ಪು ಕೊಟ್ಟುಬಿಟ್ಟಿದ್ದೆ.

ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಪಕ್ಕಕ್ಕಿಡಿ. ತಣ್ಣಗಿನ ಗೇರ್‌ಬಾಕ್ಸಿಗೆ ಡೀಗ್ರೀಸರ್ ಹಚ್ಚಿ, ಬ್ರಷ್‌ನಿಂದ ಉಜ್ಜಿ, ಒರೆಸಿ. ವೈರ್ ಕನೆಕ್ಟರ್‌ಗಳ ಮೇಲೆ, ಗೇರ್‌ಬಾಕ್ಸಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ತೂತಿನ ಮೇಲೆ ನೀರನ್ನು ಜೋರಾಗಿ ಹಾಯಿಸಬೇಡಿ. ಕೊನೆಯಲ್ಲಿ ಬ್ರೇಕ್ ಕ್ಲೀನರ್‌ನಿಂದ ಒಮ್ಮೆ ಒರೆಸಿದರೆ ಲೋಹ ಬೂದು ಬಣ್ಣಕ್ಕೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಅನುಮಾನ ಇರುವ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಿ. ಇದು ಹಳೇ ಉಪಾಯ, ಆದರೆ ನನಗೆ ಕೆಲಸ ಕೊಟ್ಟಿದ್ದು ಇದೇ. ಬಿಳಿ ಪುಡಿಯ ಮೇಲೆ ಆಯಿಲ್ ಬಂದ ದಾರಿ ಕಂದು ಗೆರೆಯಾಗಿ ಮೂಡುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋದರೆ ಅದು ಹುಟ್ಟಿದ ಜಾಗ.

ಎಷ್ಟು ನೋಡಿದರೂ ಸಿಗದಿದ್ದರೆ ಎಟಿಎಫ್‌ಗೆ ಹೊಂದುವ ಯುವಿ ಡೈ, ಅಂದರೆ ಯುವಿ ಬೆಳಕಿಗೆ ಹೊಳೆಯುವ ಬಣ್ಣ, ಅಂತ ಬರುತ್ತದೆ. ಅದನ್ನು ಆಯಿಲ್‌ಗೆ ಬೆರೆಸಿ ಒಂದಷ್ಟು ದೂರ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ಜಾಗ ಹಸಿರು ಹಳದಿಯಾಗಿ ಹೊಳೆಯುತ್ತದೆ. ಮೇಲ್ಭಾಗದ, ಕೈಗೂ ಕಣ್ಣಿಗೂ ಎಟುಕದ ಸೋರಿಕೆಗೆ ಇದೇ ಒಳ್ಳೆಯದು. ಮೊಬೈಲನ್ನು ಸಂದಿಗೆ ತೂರಿಸಿ ವಿಡಿಯೋ ತೆಗೆಯುವುದೂ ಉಪಯೋಗಕ್ಕೆ ಬರುತ್ತದೆ.

ಈಗ ಕಾಯುವುದು. ಒಂದೇ ಸಲ ಓಡಿಸಿ ನೋಡಿಬಿಡಬೇಡಿ. ಮೊದಲು ಕಾರು ನಿಂತಲ್ಲೇ ಎಂಜಿನ್ ಓಡಿಸಿ, ಬ್ರೇಕ್ ಒತ್ತಿ ಹಿಡಿದು ಲಿವರನ್ನು ಎಲ್ಲ ಗೇರಿಗೂ ಹಾಕಿ, ಆಫ್ ಮಾಡಿ, ನೋಡಿ. ಆಮೇಲೆ 15–20 ನಿಮಿಷ ಓಡಿಸಿ ನೋಡಿ. ಆಮೇಲೆ ಒಂದು ರಾತ್ರಿ ನಿಲ್ಲಿಸಿ ನೋಡಿ. ಯಾವಾಗ ಸೋರುತ್ತದೆ ಅನ್ನುವುದು ಎಲ್ಲಿ ಸೋರುತ್ತದೆ ಅನ್ನುವುದನ್ನು ಅರ್ಧ ಹೇಳಿಬಿಡುತ್ತದೆ.

ಎಂಜಿನ್ ಓಡುವಾಗ ಮಾತ್ರ ಜೋರಾಗಿ ಸೋರಿದರೆ ಒತ್ತಡ ಇರುವ ಜಾಗ ನೋಡಿ: ಕೂಲರ್ ಪೈಪು, ಅದರ ಹೋಸ್, ಜಾಯಿಂಟು. ಕಾರು ಚಲಿಸುವಾಗ ಮಾತ್ರ ಅಂದರೆ ಆಕ್ಸಲ್ ಸೀಲ್, ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಿಂದಿನ ಸೀಲ್. ದೂರದ ಓಟ ಮುಗಿಸಿ ಬಿಸಿಯಾಗಿದ್ದಾಗ ಮಾತ್ರ ಅಂದರೆ ಬ್ರೀದರ್. ಬೆಳಗಿನ ತಣ್ಣನೆ ಹೊತ್ತಿನಲ್ಲಿ ಸೋರಿ, ಬಿಸಿಯಾದ ಮೇಲೆ ನಿಂತರೆ ರಬ್ಬರ್ ಗಟ್ಟಿಯಾಗಿದೆ. ಬಿಸಿಗೆ ಅದು ಸ್ವಲ್ಪ ಹಿಗ್ಗಿ ಕೂರುತ್ತದೆ, ತಣ್ಣಗಾದರೆ ಮತ್ತೆ ಸಂದಿ ಬಿಡುತ್ತದೆ.

ನನ್ನ ಕಾರಿನದು ಎಲ್ಲಕ್ಕಿಂತ ವಿಚಿತ್ರ. ದಿನಾ ಓಡಿಸಿದರೆ ಹನಿ ಇಲ್ಲ, ಎರಡು ಮೂರು ದಿನ ನಿಲ್ಲಿಸಿದರೆ ಕಲೆ! ನಿಂತ ಕಾರಿನಲ್ಲಿ ಒತ್ತಡವೇ ಇಲ್ಲವಲ್ಲ, ಹೇಗೆ ಸೋರುತ್ತದೆ ಅಂತ ತಲೆ ಕೆರೆದುಕೊಂಡೆ. ಕಾರಣ ಸರಳ. ಎಂಜಿನ್ ಓಡುವಾಗ ಪಂಪು ಪ್ಯಾನಿನಿಂದ ಆಯಿಲ್ ಎಳೆದು ಟಾರ್ಕ್ ಕನ್ವರ್ಟರ್, ಕೂಲರ್ ಎಲ್ಲ ಕಡೆ ತುಂಬಿಸಿರುತ್ತದೆ. ಪ್ಯಾನಿನ ಮಟ್ಟ ಇಳಿದಿರುತ್ತದೆ. ಆಫ್ ಮಾಡಿದ ಮೇಲೆ ಕನ್ವರ್ಟರ್‌ನಲ್ಲಿದ್ದ ಆಯಿಲ್ ಗಂಟೆಗಟ್ಟಲೆ, ದಿನಗಟ್ಟಲೆ ನಿಧಾನವಾಗಿ ಕೆಳಗಿಳಿದು ಪ್ಯಾನಿನ ಮಟ್ಟ ಏರುತ್ತದೆ. ಓಡುವಾಗ ಆಯಿಲ್ ಮಟ್ಟಕ್ಕಿಂತ ಮೇಲಿದ್ದ ಸೀಲು ನಿಂತಾಗ ಮುಳುಗಿಬಿಡುತ್ತದೆ. ಗೇರ್ ಲಿವರ್ ಶಾಫ್ಟಿನ ಸೀಲು, ವೈರ್ ಕನೆಕ್ಟರ್ ಒಳಗಿನ ಓ-ರಿಂಗ್ ಅನ್ನುವ ರಬ್ಬರ್ ಬಳೆ ಹೀಗೆ ಸೋರುವ ಜಾತಿಯವು. ಇದು ಮೊದಲೇ ಗೊತ್ತಿದ್ದರೆ ಎರಡು ಗ್ಯಾಸ್ಕೆಟ್ ಉಳಿಯುತ್ತಿದ್ದವು.

ಬ್ರೀದರನ್ನು ಮರೆಯಬೇಡಿ

ಗೇರ್‌ಬಾಕ್ಸಿನ ತಲೆಯ ಮೇಲೆ ಒಂದು ಸಣ್ಣ ಟೊಪ್ಪಿಯೋ ತೆಳ್ಳನೆಯ ಪೈಪೋ ಇರುತ್ತದೆ. ಒಳಗಿನ ಗಾಳಿ ಬಿಸಿಗೆ ಹಿಗ್ಗಿದಾಗ ಹೊರಹೋಗುವ ದಾರಿ ಅದು. ಕೆಸರು, ಧೂಳು ಸೇರಿ ಅದು ಮುಚ್ಚಿಕೊಂಡರೆ ಒಳಗಿನ ಗಾಳಿ ಇನ್ನೊಂದು ದಾರಿ ಹುಡುಕುತ್ತದೆ, ಸಿಕ್ಕ ಸೀಲಿನ ತುಟಿಯಿಂದ ಆಯಿಲ್ಲನ್ನು ಹೊರಗೆ ತಳ್ಳುತ್ತದೆ. ಸೀಲು ಹೊಸದು ಹಾಕಿದರೂ ಕೆಲವೇ ವಾರದಲ್ಲಿ ಮತ್ತೆ ಸೋರಿದರೆ ಮೊದಲ ಅನುಮಾನ ಇದರ ಮೇಲಿರಲಿ. ಬ್ರೀದರ್‌ನಿಂದಲೇ ಆಯಿಲ್ ಉಗುಳಿದ್ದರೆ ಸಾಮಾನ್ಯವಾಗಿ ಆಯಿಲ್ ಜಾಸ್ತಿಯಾಗಿದೆ ಅಂತ ಅರ್ಥ. ತಿರುಗುವ ಭಾಗಗಳು ಹೆಚ್ಚಾದ ಆಯಿಲ್ಲನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆ ಮೇಲಕ್ಕೆ ಬರುತ್ತದೆ. ಹಾಗಿದ್ದರೆ ಯಾವ ಸೀಲನ್ನೂ ಬಿಚ್ಚಬೇಕಿಲ್ಲ, ಹೆಚ್ಚಾದದ್ದನ್ನು ತೆಗೆದರೆ ಮುಗಿಯಿತು.

ಪ್ಯಾನ್ ಗ್ಯಾಸ್ಕೆಟ್ ಬದಲಿಸುವುದು

ಗೆರೆ ನಿಜಕ್ಕೂ ಪ್ಯಾನಿನ ಅಂಚಿನಿಂದಲೇ ಶುರುವಾಗಿದ್ದರೆ ಇದು ಮನೆಯಲ್ಲೇ ಆಗುವ ಕೆಲಸ. ಆದರೆ ಬೋಲ್ಟು ಸಡಿಲ ಆಗಿರಬೇಕು ಅಂತ ಸುಮ್ನೆ ಬಿಗಿದು ನೋಡುವ ಚಟ ಬೇಡ. ಈ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿತ ಸಾಕು. ಸಣ್ಣ ರಾಚೆಟ್ಟನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ಅದಕ್ಕಿಂತ ಜಾಸ್ತಿ ಬಿಗಿದರೆ ಪ್ಯಾನಿನ ಅಂಚು ಬೋಲ್ಟಿನ ಸುತ್ತ ಗುಳಿ ಬಿದ್ದು, ಎರಡು ಬೋಲ್ಟಿನ ನಡುವೆ ಸಂದಿ ಹುಟ್ಟುತ್ತದೆ. ಇನ್ನೂ ಬಿಗಿದರೆ ಅಲ್ಯೂಮಿನಿಯಂ ಮರೆ, ಅಂದರೆ ಬೋಲ್ಟ್ ತಿರುಗಿ ಕೂರುವ ತೂತಿನ ಸುರುಳಿ ಗೆರೆ, ಕಿತ್ತು ಬರುತ್ತದೆ. ನಿಮ್ಮ ಕಾರಿನ ನಿಖರ ಅಂಕಿಯನ್ನು ಸರ್ವಿಸ್ ಮ್ಯಾನ್ಯುವಲ್‌ನಲ್ಲಿ ನೋಡಿ, ಟಾರ್ಕ್ ರೆಂಚ್ ಬಳಸಿ.

ಬಿಚ್ಚುವ ಮೊದಲು ಆಯಿಲ್ ತುಂಬುವ ಬೋಲ್ಟ್ ಸಡಿಲವಾಗುತ್ತದಾ ನೋಡಿಕೊಳ್ಳಿ. ಇದನ್ನು ಮರೆತವರ ಕಥೆ ಹೀಗಿರುತ್ತದೆ: ಎಲ್ಲ ಆಯಿಲ್ ಇಳಿಸಿದ ಮೇಲೆ ತುಂಬುವ ಬೋಲ್ಟ್ ತುಕ್ಕು ಹಿಡಿದು ಕೂತಿದೆ, ಕಾರು ಅಲ್ಲೇ ನಿಂತಿದೆ.

ಡ್ರೈನ್ ಬೋಲ್ಟ್ ಇದ್ದರೆ ಅದರಿಂದ ಇಳಿಸಿ. ಇಲ್ಲದಿದ್ದರೆ ಅಗಲವಾದ ಟ್ರೇ ಇಟ್ಟು, ಒಂದು ಮೂಲೆಯ ಬೋಲ್ಟುಗಳನ್ನು ಪೂರ್ತಿ ತೆಗೆದು ಎದುರು ಮೂಲೆಯವನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ. ಪ್ಯಾನ್ ಒಂದು ಕಡೆ ಬಾಗಿ ಆಯಿಲ್ ನಿಧಾನವಾಗಿ ಸುರಿಯುತ್ತದೆ. ಎಲ್ಲ ಬೋಲ್ಟೂ ಒಟ್ಟಿಗೆ ತೆಗೆದರೆ ಮೂರ್ನಾಲ್ಕು ಲೀಟರ್ ಆಯಿಲ್ ನೇರ ಮೊಳಕೈ ಮೇಲೆ ಇಳಿಯುತ್ತದೆ, ಅಲ್ಲಿಂದ ಕಂಕುಳಿಗೆ. ಇಳಿದ ಆಯಿಲ್ಲನ್ನು ಅಳತೆಯ ಡಬ್ಬಿಗೆ ಹಾಕಿ ಎಷ್ಟು ಲೀಟರ್ ಅಂತ ಬರೆದಿಡಿ. ಪ್ಯಾನ್ ತೆಗೆದರೆ ಪೂರ್ತಿ ಆಯಿಲ್ ಬರುವುದಿಲ್ಲ, ಕನ್ವರ್ಟರ್ ಒಳಗೆ, ಕೂಲರ್‌ನಲ್ಲಿ ಸಾಕಷ್ಟು ಉಳಿದಿರುತ್ತದೆ. ಹಾಗಾಗಿ ಪುಸ್ತಕದಲ್ಲಿರುವ ಒಟ್ಟು ಲೀಟರ್ ನೋಡಿ ತುಂಬಿದರೆ ಜಾಸ್ತಿಯಾಗುವುದು ಖಂಡಿತ.

ಪ್ಯಾನಿನ ತಳದಲ್ಲಿ ಆಯಸ್ಕಾಂತ ಇರುತ್ತದೆ. ಅದನ್ನು ಬೆರಳಿಂದ ಉಜ್ಜಿ ನೋಡಿ. ಕಾಡಿಗೆಯ ಥರ ನುಣ್ಣನೆಯ ಬೂದು ಕೆಸರು ಇದ್ದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ತುಣುಕು ಸಿಕ್ಕರೆ ಒಳಗೆ ಏನೋ ಒಡೆಯುತ್ತಿದೆ. ಆಗ ಗ್ಯಾಸ್ಕೆಟ್ ಚಿಂತೆ ಬಿಟ್ಟು ಗೇರ್‌ಬಾಕ್ಸ್ ಕೆಲಸ ಗೊತ್ತಿರುವವರಿಗೆ ಆ ಚೂರುಗಳನ್ನು ತೋರಿಸಿ.

ಹೇಗಿದ್ದರೂ ಪ್ಯಾನ್ ಇಳಿಸಿದ್ದೀರಿ, ಫಿಲ್ಟರ್ ಕೈಗೆ ಸಿಗುವಂತಿದ್ದರೆ ಅದನ್ನೂ ಬದಲಿಸಿ. ಹಳೆಯ ಫಿಲ್ಟರ್ ಕತ್ತಿನ ಓ-ರಿಂಗ್ ಎಷ್ಟೋ ಸಲ ತೂತಿನೊಳಗೇ ಅಂಟಿ ಉಳಿದಿರುತ್ತದೆ. ಟಾರ್ಚ್ ಬಿಟ್ಟು ನೋಡಿ ತೆಗೆಯಿರಿ. ಎರಡೂ ಕಡೆಯ ಅಂಚನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ಸ್ವಚ್ಛ ಮಾಡಿ, ಕಬ್ಬಿಣದ ಅಲಗು ಅಲ್ಯೂಮಿನಿಯಂ ಮೇಲೆ ಗೀರು ಮಾಡಿದರೆ ಅದೇ ಹೊಸ ಸೋರಿಕೆಯ ದಾರಿ. ಒರೆಸಲು ನೂಲು ಬಿಡದ ಬಟ್ಟೆ. ಆಯಿಲ್ಲನ್ನು ಬೇಕಾದ ಕಡೆಗೆ ತಿರುಗಿಸಿ ಗೇರ್ ಬದಲಿಸುವ ವಾಲ್ವ್ ಬಾಡಿಯ ಒಳದಾರಿಗಳು ಅಷ್ಟು ಕಿರಿದು, ಒಂದು ಎಳೆ ನೂಲು ಸಿಕ್ಕಿಕೊಂಡರೂ ಗೇರ್ ಬೀಳುವುದು ತೊಂದರೆ ಆಗಬಹುದು.

ತಗಡಿನ ಪ್ಯಾನ್ ಆದರೆ ಅಂಚನ್ನು ಗಾಜಿನಂತಹ ಸಮತಟ್ಟಾದ ಜಾಗದ ಮೇಲೆ ಮಗುಚಿ ಇಟ್ಟು ನೋಡಿ. ಬೋಲ್ಟ್ ತೂತಿನ ಸುತ್ತ ಗುಳಿ ಬಿದ್ದಿದ್ದರೆ ಮರದ ತುಂಡಿನ ಮೇಲೆ ಇಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸಮ ಮಾಡಿ. ಈ ಒಂದು ಕೆಲಸ ಬಿಟ್ಟು ಎಂಥ ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಪ್ರಯೋಜನ ಇಲ್ಲ. ಪ್ಲಾಸ್ಟಿಕ್ ಪ್ಯಾನ್ ಬಾಗಿದ್ದರೆ ಅಥವಾ ಸೀಳಿದ್ದರೆ ತಟ್ಟಿ ಸರಿ ಮಾಡಲು ಆಗುವುದಿಲ್ಲ. ಕೆಲವು ಕಾರಿನಲ್ಲಿ ಪ್ಯಾನ್, ಫಿಲ್ಟರ್ ಎರಡೂ ಒಂದೇ ಅಚ್ಚು, ಒಟ್ಟಿಗೇ ಹೊಸದು ಹಾಕಬೇಕು.

ಗ್ಯಾಸ್ಕೆಟ್ಟನ್ನು ಒಣದಾಗಿಯೇ ಕೂರಿಸಿ. ಕಂಪನಿ ಹೇಳಿದ್ದರೆ ಮಾತ್ರ ಸಿಲಿಕೋನ್ ಪೇಸ್ಟ್, ಇಲ್ಲದಿದ್ದರೆ ಅದರ ಸಹವಾಸವೇ ಬೇಡ. ಒಳಕ್ಕೆ ಉಬ್ಬಿದ ಪೇಸ್ಟಿನ ತುಣುಕು ಕಿತ್ತು ಬಂದು ಫಿಲ್ಟರಿಗೆ ಅಂಟುತ್ತದೆ. ಮಲಗಿಕೊಂಡು ಎತ್ತುವಾಗ ಗ್ಯಾಸ್ಕೆಟ್ ಜಾರದಿರಲು ಒಂದು ಉಪಾಯ ಇದೆ. ನಾಲ್ಕು ಮೂಲೆಯ ತೂತುಗಳಲ್ಲಿ ಹೊಲಿಗೆ ದಾರ ಹಾಕಿ ಪ್ಯಾನಿಗೆ ಕಟ್ಟಿ, ಬೇರೆ ನಾಲ್ಕೈದು ಬೋಲ್ಟನ್ನು ಕೈಯಿಂದ ಹಿಡಿಸಿದ ಮೇಲೆ ದಾರ ಕತ್ತರಿಸಿ ಎಳೆದುಬಿಡಿ. ಎಲ್ಲ ಬೋಲ್ಟನ್ನೂ ಮೊದಲು ಬೆರಳಿಂದಲೇ ಹಾಕಿ, ಆಮೇಲೆ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿಯಿರಿ. ಡ್ರೈನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದೇ ಇರಲಿ.

ಮಿಕ್ಕ ಜಾಗಗಳು

ಕೂಲರ್ ಹೋಸ್ ಅಂದರೆ ಗೇರ್‌ಬಾಕ್ಸಿನಿಂದ ರೇಡಿಯೇಟರಿಗೆ ಹೋಗುವ ಎರಡು ಪೈಪುಗಳ ರಬ್ಬರ್ ಭಾಗ. ಲೋಹ ಮತ್ತು ರಬ್ಬರ್ ಸೇರುವಲ್ಲಿ ಜಾಸ್ತಿ ಸೋರುತ್ತದೆ. ಸಿಕ್ಕ ಪೆಟ್ರೋಲ್ ಹೋಸ್ ಹಾಕಬೇಡಿ, ಗೇರ್‌ಬಾಕ್ಸ್ ಕೂಲರಿಗೆಂದೇ ಬರುವ ಹೋಸ್ ಬಿಸಿ ಮತ್ತು ಒತ್ತಡ ಎರಡನ್ನೂ ತಡೆಯುತ್ತದೆ. ತಿರುಪಿನ ಜಾಯಿಂಟ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಒಂದು ರೇಡಿಯೇಟರ್ ಕಡೆಯ ನಟ್ಟನ್ನು ಅಲುಗದಂತೆ ಹಿಡಿಯಲು, ಇನ್ನೊಂದು ಬಿಚ್ಚಲು. ಒಂದರಲ್ಲೇ ತಿರುಗಿಸಿದರೆ ರೇಡಿಯೇಟರಿನ ಬುಡವೇ ತಿರುಚಿಕೊಂಡು ಖರ್ಚು ದೊಡ್ಡದಾಗುತ್ತದೆ. ಕ್ಲಿಪ್ ಒತ್ತಿ ತೆಗೆಯುವ ಜಾತಿಯಾದರೆ ಒಳಗಿನ ಓ-ರಿಂಗ್, ಕ್ಲಿಪ್ ಎರಡನ್ನೂ ಬದಲಿಸಿ.

ಆಕ್ಸಲ್ ಸೀಲ್ ಸೋರಿದರೆ ಆಕ್ಸಲ್ಲಿನ ಒಳಗಿನ ಜಾಯಿಂಟಿನ ಸುತ್ತ ಆಯಿಲ್ ಸಿಡಿದಿರುತ್ತದೆ. ಆಕ್ಸಲ್ ಹೊರಗೆ ಎಳೆದ ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕುವಷ್ಟು ಗೆರೆ ಸವೆದಿದ್ದರೆ ಹೊಸ ಸೀಲ್ ಕೂಡ ನಿಲ್ಲುವುದಿಲ್ಲ. ಹಿಂದಿನ ಸೀಲ್ ಸೋರಿದರೆ ತಿರುಗುವ ಶಾಫ್ಟ್ ಆಯಿಲ್ಲನ್ನು ಬೀಸಿ ಎರಚಿ, ಕಾರಿನ ತಳದ ಮೇಲೆ ಅಡ್ಡಕ್ಕೆ ಒಂದು ಪಟ್ಟಿಯೇ ಮೂಡಿರುತ್ತದೆ.

ಗೇರ್ ಲಿವರ್ ಶಾಫ್ಟಿನ ಸೀಲನ್ನು ಅನೇಕ ಗೇರ್‌ಬಾಕ್ಸುಗಳಲ್ಲಿ ಶಾಫ್ಟ್ ತೆಗೆಯದೆಯೇ ಬದಲಿಸಬಹುದು. ಹೊರಗಿನ ಲಿವರ್ ತೆಗೆಯಿರಿ. ಅಲ್ಲೇ ಗೇರ್ ಸ್ಥಾನ ತಿಳಿಸುವ ಸ್ವಿಚ್ ಇದ್ದರೆ ಬಿಚ್ಚುವ ಮೊದಲು ಅದು ಕೂತಿದ್ದ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ, ಇಲ್ಲದಿದ್ದರೆ ಆಮೇಲೆ ಪಿ ಮತ್ತು ಎನ್‌ನಲ್ಲಿ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಹಳೆಯ ಸೀಲಿನ ತಗಡಿಗೆ ಸಣ್ಣ ಸ್ಕ್ರೂ ತಿರುಗಿಸಿ, ಅದನ್ನು ಇಕ್ಕಳದಿಂದ ಎಳೆಯಿರಿ. ಸ್ಕ್ರೂ ಶಾಫ್ಟಿಗೆ ತಾಗಬಾರದು. ಶಾಫ್ಟಿನ ಮರೆಯ ಮೇಲೆ ತೆಳು ಟೇಪ್ ಸುತ್ತಿ, ಹೊಸ ಸೀಲಿನ ತುಟಿಗೆ ಎಟಿಎಫ್ ಸವರಿ, ಉದ್ದನೆಯ ಸಾಕೆಟ್ ಇಟ್ಟು ನೇರವಾಗಿ ತಟ್ಟಿ. ನನಗೆ ಇದಕ್ಕೆ ಹಿಡಿದದ್ದು 40 ನಿಮಿಷ. ಅದಕ್ಕೂ ಮುಂಚಿನ ಎರಡು ರಜಾದಿನ ಲೆಕ್ಕಕ್ಕಿಲ್ಲ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಒಳಗಿನಿಂದ ತೊಟ್ಟಿಕ್ಕುತ್ತಿದ್ದರೆ ಸೋರುತ್ತಿರುವುದು ಗೇರ್‌ಬಾಕ್ಸಿನ ಮುಂದಿನ ಸೀಲೋ ಎಂಜಿನ್ನಿನ ಹಿಂದಿನ ಸೀಲೋ ಆಗಿರಬಹುದು. ಯಾವ ಡಿಪ್‌ಸ್ಟಿಕ್ಕಿನ ಮಟ್ಟ ಇಳಿಯುತ್ತಿದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಎರಡರಲ್ಲಿ ಯಾವುದಾದರೂ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಲೇಬೇಕು. ಲಿಫ್ಟ್, ಗೇರ್‌ಬಾಕ್ಸ್ ಜಾಕ್ ಇಲ್ಲದೆ ಮನೆಯಲ್ಲಿ ಕೈ ಹಾಕಬೇಡಿ. ಸರಿಯಾದ ಜಾಗ ತೋರಿಸಿ ವರ್ಕ್‌ಶಾಪಿಗೆ ಕೊಟ್ಟರೆ ಅವರ ಹುಡುಕಾಟದ ಸಮಯವಾದರೂ ಉಳಿಯುತ್ತದೆ.

ಸೋರಿಕೆ ನಿಲ್ಲಿಸುವ ದ್ರವ ಅಂತ ಡಬ್ಬಿಯಲ್ಲಿ ಬರುತ್ತದಲ್ಲ, ಅದು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸುತ್ತದೆ. ಹರಿದ ಸೀಲು, ಬಾಗಿದ ಪ್ಯಾನ್, ಸೀಳಿದ ಹೋಸ್ ಇವಕ್ಕೆ ಏನೂ ಮಾಡುವುದಿಲ್ಲ. ಮುಂದಿನ ಸೀಲಿನ ಪಸೆಯನ್ನು ಕೆಲವು ತಿಂಗಳು ಮುಂದೂಡಲು ಯಾರಾದರೂ ಹಾಕಿದರೆ ನಾನು ಬೇಡ ಅನ್ನುವುದಿಲ್ಲ, ಆದರೆ ನನ್ನ ಕಾರಿಗೆ ಹಾಕಿಲ್ಲ.

ತುಂಬುವುದು, ಅಳೆಯುವುದು

ಬಣ್ಣ ಕೆಂಪು ಅಂತ ಯಾವುದೋ ಎಟಿಎಫ್ ಸುರಿಯಬೇಡಿ. ಡೆಕ್ಸ್‌ರಾನ್ 6, ಮರ್ಕಾನ್ ಎಲ್‌ವಿ, ಟೊಯೋಟಾ ಡಬ್ಲ್ಯುಎಸ್, ಎಟಿಎಫ್ ಪ್ಲಸ್ 4 ಹೀಗೆ ಹಲವು ಬಗೆ ಇವೆ, ಪ್ಲೇಟು ಹಿಡಿಯುವ ಗುಣ ಒಂದೊಂದರದು ಒಂದೊಂದು ಥರ. ಮಾಲೀಕರ ಕೈಪಿಡಿಯಲ್ಲೋ ಡಿಪ್‌ಸ್ಟಿಕ್ಕಿನ ಮೇಲೋ ಬರೆದಿರುವುದನ್ನೇ ಹಾಕಿ. ಇಳಿದಷ್ಟೇ ತುಂಬಿ. ಮೊದಲೇ ಸೋರಿ ಕಡಿಮೆಯಾಗಿತ್ತಲ್ಲ, ಆ ಕೊರತೆಯನ್ನು ಮಟ್ಟ ನೋಡಿಕೊಂಡು ಆಮೇಲೆ ಸ್ವಲ್ಪಸ್ವಲ್ಪವೇ ಸೇರಿಸಿ.

ಡಿಪ್‌ಸ್ಟಿಕ್ ಇದ್ದರೆ ಹೆಚ್ಚಿನ ಕಾರುಗಳಲ್ಲಿ ಆಯಿಲ್ ಬಿಸಿಯಾಗಿದ್ದಾಗ, ಎಂಜಿನ್ ಓಡುತ್ತಿರುವಾಗ, ಲಿವರನ್ನು ಎಲ್ಲ ಗೇರಿಗೂ ಒಮ್ಮೆ ಹಾಕಿ ಪಿ ಗೆ ತಂದು ನೋಡಬೇಕು. ಹೋಂಡಾದ ಹಲವು ಕಾರುಗಳಲ್ಲಿ ಮಾತ್ರ ಉಲ್ಟಾ, ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ 60ರಿಂದ 90 ಸೆಕೆಂಡಿನೊಳಗೆ ನೋಡಬೇಕು. ಡಿಪ್‌ಸ್ಟಿಕ್ಕೇ ಇಲ್ಲದ ಹೊಸ ಕಾರುಗಳಲ್ಲಿ ಮಟ್ಟ ನೋಡುವ ಬೋಲ್ಟ್ ಇರುತ್ತದೆ. ಕಾರು ನಾಲ್ಕೂ ಕಡೆ ಸಮವಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಆಯಿಲ್ ಕಂಪನಿ ಹೇಳಿದ ಬಿಸಿಯಲ್ಲಿರಬೇಕು. ಅನೇಕ ಕಾರುಗಳಲ್ಲಿ ಅದು 35–45 ಡಿಗ್ರಿ ಆಸುಪಾಸು, ಕಾರಿನ ಕಂಪ್ಯೂಟರಿಗೆ ಜೋಡಿಸಿ ಓದುವ ಸ್ಕ್ಯಾನರ್‌ನಲ್ಲಿ ಕಾಣುತ್ತದೆ. ಬೋಲ್ಟ್ ತೆಗೆದಾಗ ಆಯಿಲ್ ಧಾರೆಯಾಗಿ ಬಂದರೆ ಜಾಸ್ತಿ, ಏನೂ ಬಾರದಿದ್ದರೆ ಕಡಿಮೆ. ಧಾರೆ ನಿಂತು ಹನಿಹನಿಯಾಗುವ ಹೊತ್ತಿಗೆ ಮುಚ್ಚಬೇಕು. ಓಡುವ ಎಂಜಿನ್ ಕೆಳಗೆ ಕೈ ಹಾಕುವ ಕೆಲಸ ಇದು, ಸಡಿಲ ತೋಳಿನ ಅಂಗಿ ಬೇಡ. ಕಾರಿನೊಳಗೆ ಬ್ರೇಕ್ ಮೇಲೆ ಕಾಲಿಟ್ಟು ಕೂರಲು ಇನ್ನೊಬ್ಬರು ಇರಲಿ.

ಹಳೆಯ ಆಯಿಲ್ಲನ್ನು ಮುಚ್ಚಳ ಇರುವ ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಚರಂಡಿಗೆ ಬೇಡ, ಮಣ್ಣಿಗೂ ಬೇಡ.

ಈಗ ಎಲ್ಲ ಒರೆಸಿ, ಹೊಸ ರಟ್ಟು ಹಾಸಿ. 20 ನಿಮಿಷ ಓಡಿಸಿದ ಮೇಲೆ ಒಮ್ಮೆ, ಮಾರನೆಯ ಬೆಳಿಗ್ಗೆ ಒಮ್ಮೆ ನೋಡಿ. ನಿಮ್ಮದೂ ನನ್ನ ಕಾರಿನಂತೆ ನಿಂತಾಗ ಸೋರುವ ಜಾತಿಯಾದರೆ ಮೂರು ದಿನ ಕಾರು ಮುಟ್ಟದೆ ಬಿಟ್ಟು ನೋಡಬೇಕು. ಮೊದಲ ದಿನ ಒಂದೆರಡು ಹನಿ ಬಿದ್ದರೆ ಗಾಬರಿಯಾಗಬೇಡಿ, ಕೆಲಸದ ವೇಳೆ ಸಂದಿಗಳಲ್ಲಿ ನಿಂತದ್ದು ಇಳಿಯುತ್ತಿರುತ್ತದೆ. ವಾರ ಕಳೆದ ಮೇಲೂ ರಟ್ಟು ಒಣಗಿದ್ದು, ಡಿಪ್‌ಸ್ಟಿಕ್ಕಿನ ಗೆರೆ ಕದಲದಿದ್ದರೆ, ಪಕ್ಕಕ್ಕಿಟ್ಟಿದ್ದ ಆ ಪ್ಲಾಸ್ಟಿಕ್ ಕವರನ್ನು ಮತ್ತೆ ಹಾಕಿ. ಅದಕ್ಕೂ ಮುಂಚೆ ಹಾಕಬೇಡಿ.